ಕ್ಯಾನ್ಸರ್ ರೋಗಿಯ ತೊಡೆಗೆ ಪಟ್ಟಿ ಕಟ್ಟುವ ಮುನ್ನ: ನನ್ನ ಅನುಭವ

ಕಲಬುರಗಿಯಲ್ಲಿ ಫಿಸಿಯೊಥೆರಪಿಸ್ಟ್ ಆಗಿರುವ ನನ್ನ ಬಳಿಗೆ ಬರುವ ಕ್ಯಾನ್ಸರ್ ರೋಗಿಗಳಲ್ಲಿ ಬಾಯಿ, ಗಂಟಲಿನ ಕ್ಯಾನ್ಸರ್‌ನವರೇ ಹೆಚ್ಚು. ಗುಟ್ಕಾ, ತಂಬಾಕು ಈ ಭಾಗದಲ್ಲಿ ಎಷ್ಟು ಬೇರೂರಿವೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಸ್ತ್ರಚಿಕಿತ್ಸೆ, ವಿಕಿರಣ, ಕಿಮೋ ಮುಗಿಯುವ ಹೊತ್ತಿಗೆ ರೊಟ್ಟಿ ಅಗಿಯಲಾಗದೆ ಗಂಜಿಯ ಮೇಲೋ ಮೂಗಿನ ನಳಿಕೆಯ ಮೇಲೋ ಬಹಳ ಕಾಲ ಕಳೆದಿರುವುದರಿಂದ ಅವರ ತೊಡೆಯ ಸ್ನಾಯು ಕಣ್ಣಿಗೆ ಕಾಣುವಷ್ಟು ಕರಗಿರುತ್ತದೆ. ಆಳಂದ, ಚಿಂಚೋಳಿ ಕಡೆಯ ಹಳ್ಳಿಗಳಿಂದ ಬಂದವರು ಮೊದಲು ಹೇಳುವುದು ನೋವನ್ನಲ್ಲ, "ಸರ್, ನೆಲದ ಮ್ಯಾಲ ಕುಂತ್ರ ಏಳ್ಲಾಕ ಆಗವಲ್ದು" ಎಂಬುದನ್ನು.

ಸ್ನಾಯುಬಲ ಮರಳಬೇಕಾದರೆ ಒಮ್ಮೆ ಎತ್ತಬಲ್ಲ ಗರಿಷ್ಠ ಭಾರದ ಶೇ. 60–70ರಷ್ಟನ್ನು ಎತ್ತಿಸುವುದು ವಾಡಿಕೆ. ಇವರಿಂದ ಅದು ಆಗದು. ಜಪಾನಿನ ಯೋಶಿಯಾಕಿ ಸಾಟೊ ರೂಪಿಸಿದ ಕಾಟ್ಸು ಪದ್ಧತಿಯಿಂದ ಬೆಳೆದುಬಂದ ಬಿಎಫ್‌ಆರ್ (ಬ್ಲಡ್ ಫ್ಲೋ ರಿಸ್ಟ್ರಿಕ್ಷನ್, ಅಂದರೆ ರಕ್ತದ ಹರಿವನ್ನು ಭಾಗಶಃ ತಡೆದು ಮಾಡಿಸುವ) ವ್ಯಾಯಾಮದಲ್ಲಿ ಶೇ. 20–30 ಭಾರ ಸಾಕು. ತೊಡೆಯ ಮೇಲ್ಭಾಗಕ್ಕೆ ಗಾಳಿ ತುಂಬುವ ಅಗಲವಾದ ಪಟ್ಟಿ ಕಟ್ಟಿದಾಗ ಅಪಧಮನಿಯ ಹರಿವು ತಗ್ಗುತ್ತದೆ, ಅಭಿಧಮನಿಯ ರಕ್ತ ಹಿಂದಿರುಗುವುದಕ್ಕೆ ತಡೆಯಾಗುತ್ತದೆ. ಆಮ್ಲಜನಕದ ಕೊರತೆಯಿಂದ ಸ್ನಾಯು ಬೇಗ ದಣಿದು, ಹಗುರ ಭಾರಕ್ಕೇ ದೊಡ್ಡ ತಂತುಗಳೂ ಕೆಲಸಕ್ಕಿಳಿಯುತ್ತವೆ.

ಆದರೆ ಕ್ಯಾನ್ಸರ್ ತಾನೇ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುತ್ತದೆ. ಸಿಸ್‌ಪ್ಲಾಟಿನ್‌ನಂತಹ ಕಿಮೋ ಔಷಧ ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ಹಾಗಾಗಿ ನನ್ನ ಸಮಯದ ಬಹುಪಾಲು ಹೋಗುವುದು ಯಾರಿಗೆ ಪಟ್ಟಿ ಕಟ್ಟಬಾರದು ಎಂದು ತೀರ್ಮಾನಿಸುವುದರಲ್ಲಿ. ಹಿಂದೆ ಕಾಲಿನ ಆಳದ ನಾಳದಲ್ಲಿ ಹೆಪ್ಪು ಕಂಡವರು, ಹತೋಟಿಗೆ ಬಾರದ ರಕ್ತದೊತ್ತಡದವರು, ತೊಡೆ ಅಥವಾ ಸೊಂಟದ ಮೂಳೆಗೆ ರೋಗ ಹರಡಿದವರು, ಜಠರ ಇಲ್ಲವೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗೆ ಕಿಮೋ ಪಡೆಯುತ್ತಿರುವವರು ಬಂದರೆ ನಾನು ಪಟ್ಟಿಯನ್ನು ಹೊರತೆಗೆಯುವುದೇ ಇಲ್ಲ. ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗಿದ್ದರೆ ಯಾವ ಭಾರದ ವ್ಯಾಯಾಮವನ್ನೂ ಮಾಡಿಸುವುದಿಲ್ಲ. ಸ್ತನ ಕ್ಯಾನ್ಸರ್‌ನಲ್ಲಿ ಕಂಕುಳಿನ ದುಗ್ಧರಸ ಗ್ರಂಥಿ (ಲಿಂಫ್ ನೋಡ್) ತೆಗೆದ ಬದಿಯ ತೋಳನ್ನು ಮುಟ್ಟುವುದಿಲ್ಲ. ಉಳಿದವರಿಗೂ ಕಿಮೋ ಮುಗಿದು, ಕ್ಯಾನ್ಸರ್ ತಜ್ಞರು ಬರವಣಿಗೆಯಲ್ಲಿ ಒಪ್ಪಿಗೆ ಕೊಟ್ಟ ಮೇಲಷ್ಟೇ ಆರಂಭ. ಈ ರೋಗಿಗಳಲ್ಲಿ ನಡೆದಿರುವ ಅಧ್ಯಯನಗಳು ಇನ್ನೂ ಸಣ್ಣವಾದ್ದರಿಂದ ಅವಸರಕ್ಕೆ ಕಾರಣವೂ ಇಲ್ಲ. ಬಾಯಿ ಕ್ಯಾನ್ಸರ್‌ನವರಲ್ಲಿ ಕುತ್ತಿಗೆ, ಭುಜಕ್ಕೆ ಶಸ್ತ್ರಚಿಕಿತ್ಸೆಯ ಪೆಟ್ಟು ಬಿದ್ದಿದ್ದರೂ ಕಾಲುಗಳು ಅದರಿಂದ ದೂರವಿರುತ್ತವೆ ಎಂಬುದು ಅನುಕೂಲ.

ಒತ್ತಡವನ್ನು ಅಂದಾಜಿನ ಮೇಲೆ ನಿಗದಿ ಮಾಡಬಾರದು. ರೋಗಿ ವ್ಯಾಯಾಮ ಮಾಡುವ ಭಂಗಿಯಲ್ಲೇ ಕುಳ್ಳಿರಿಸಿ, ಒಳಗಿನ ಹಿಮ್ಮಡಿಗಂಟಿನ ಹಿಂದಿನ ಅಪಧಮನಿಯ ಮೇಲೆ ರಕ್ತ ಹರಿಯುವ ಸದ್ದನ್ನು ಕೇಳಿಸುವ ಕೈ ಡಾಪ್ಲರ್ ಉಪಕರಣ ಇಟ್ಟು, ಸದ್ದು ನಿಲ್ಲುವವರೆಗೆ ಗಾಳಿ ತುಂಬಿ, ಆ ಅಂಕಿಯ ಶೇ. 40ರಿಂದ ಶುರು ಮಾಡುತ್ತೇನೆ. ಜಿಮ್ ಹುಡುಗರು ಸುತ್ತಿಕೊಳ್ಳುವ ಎಲಾಸ್ಟಿಕ್ ಪಟ್ಟಿಯಲ್ಲಿ ಈ ಅಳತೆಯೇ ಇರುವುದಿಲ್ಲ. "ರಕ್ತ ನಿಂತೇ ಹೋಗಲ್ಲೇನ್ರಿ?" ಎಂದು ಕೇಳುವವರಿಗೆ ಪಾದದ ಹತ್ತಿರ ಇನ್ನೂ ಕೇಳುತ್ತಿರುವ ಸದ್ದನ್ನು ಡಾಪ್ಲರ್‌ನಲ್ಲೇ ಕೇಳಿಸುತ್ತೇನೆ, ಅದಕ್ಕಿಂತ ದೊಡ್ಡ ವಿವರಣೆ ಬೇಕಾಗುವುದಿಲ್ಲ.

ರೂಢಿಯ ಕ್ರಮ ನಾಲ್ಕು ಸುತ್ತುಗಳಲ್ಲಿ 30, 15, 15, 15 ಬಾರಿ ಭಾರ ಎತ್ತುವುದು, ನಡುವೆ 30 ಸೆಕೆಂಡ್ ವಿಶ್ರಾಂತಿ. ನಾನು ಒಂದೊಂದೇ ಕಾಲಿಗೆ, ಕಡಿಮೆ ಎಣಿಕೆಯಲ್ಲಿ, ವಿಶ್ರಾಂತಿಯ ನಡುವೆ ಗಾಳಿ ಬಿಟ್ಟು ಆರಂಭಿಸುತ್ತೇನೆ. ವಾರಕ್ಕೆ ಎರಡು ದಿನ ಸಾಕು. ಕಿಮೋದಿಂದ ನರ ಜೋಮು ಹಿಡಿದವರಿಗೆ ಬಿಗಿತ ತಿಳಿಯದು, ಆದ್ದರಿಂದ ಕಾಲ್ಬೆರಳಿನ ಬಣ್ಣವನ್ನು ನಾನೇ ನೋಡುತ್ತಿರುತ್ತೇನೆ. ಏಪ್ರಿಲ್, ಮೇ ತಿಂಗಳ ಇಲ್ಲಿಯ ಬಿಸಿಲಿನಲ್ಲಿ ಬಸ್ಸಿನಲ್ಲಿ ಬಂದವರ ದೇಹದಲ್ಲಿ ನೀರು ಕಡಿಮೆಯಾಗಿ ರಕ್ತ ಮಂದವಾಗಿರುವುದರಿಂದ, ನೀರು ಕುಡಿಸಿ ಕೂರಿಸದೆ, ಬಿ.ಪಿ. ನೋಡದೆ ಪಟ್ಟಿ ಕಟ್ಟುವುದಿಲ್ಲ. ಒಂದೇ ಕಾಲಿನ ಮೀನಖಂಡ ಊದಿದರೆ ಅಥವಾ ಏದುಸಿರು ಬಂದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗುವಂತೆ ಮನೆಯವರಿಗೂ ಹೇಳಿರುತ್ತೇನೆ.

ಊಟವಿಲ್ಲದೆ ಸ್ನಾಯು ಕಟ್ಟುವುದಿಲ್ಲ. ತೊಗರಿ ಬೆಳೆಯುವ ನಾಡಿನಲ್ಲೂ ರೋಗಿಗೆ ಬೇಳೆಯ ತಿಳಿಕಟ್ಟನ್ನಷ್ಟೇ ಕುಡಿಸುವ ರೂಢಿ ಇದೆ. ಬೇಳೆಯನ್ನೇ ನುಣ್ಣಗೆ ಅರೆದು, ಮೊಟ್ಟೆ, ಹಾಲಿನೊಂದಿಗೆ ಕೊಡಲು ಒತ್ತಾಯಿಸುತ್ತೇನೆ. ಕೈ ಊರದೆ ಕುರ್ಚಿಯಿಂದ ಮತ್ತೆ ಮತ್ತೆ ಏಳಬಲ್ಲವರಾದ ಕೂಡಲೇ ಪಟ್ಟಿ ತೆಗೆದು, ಸಾಮಾನ್ಯ ಭಾರದ ವ್ಯಾಯಾಮಕ್ಕೆ ಹೊರಳಿಸುತ್ತೇನೆ.