ಎಡದಂಡೆ ನಾಲೆಯಲ್ಲಿ ಗೇಜ್ ಹಿಡಿದು ನಿಲ್ಲಿಸುವ ಕೆಲಸ

ಮುನಿರಾಬಾದಿನಲ್ಲಿ ಹೊರಡುವ ತುಂಗಭದ್ರಾ ಎಡದಂಡೆ ನಾಲೆ 227 ಕಿಲೋಮೀಟರ್ ಉದ್ದ. ನಾನು ಕೆಲಸ ಮಾಡಿದ್ದು ಸಿಂಧನೂರಿನಿಂದ ಕೆಳಗೆ, ಮೇಲಿನವರು ಬಿಟ್ಟರೆ ಮಾತ್ರ ನೀರು ಅನ್ನೋ ಕಡೆ. ಅಲ್ಲಿ ಯಾರೂ ಕಿಲೋಮೀಟರ್ ಲೆಕ್ಕ ಹೇಳುವುದಿಲ್ಲ. ಮೈಲ್ 69ರಲ್ಲಿ ಗೇಜ್, ಅಂದರೆ ನೀರಿನ ಮಟ್ಟದ ಅಳತೆ, ಎಷ್ಟಿದೆ, ಮೈಲ್ 104ರಲ್ಲಿ ಎಷ್ಟಿದೆ, ಬೆಳಗಿನ ಮೊದಲ ಫೋನೇ ಅದು.

ದೊಡ್ಡ ನಾಲೆಯಲ್ಲಿ ಕಷ್ಟ ಇರುವುದು ಗೇಟಿನಲ್ಲಲ್ಲ, ಹೊತ್ತಿನಲ್ಲಿ. ಡ್ಯಾಮ್ ಹತ್ತಿರ ಇವತ್ತು ಹೆಚ್ಚಿಸಿದ ನೀರು ಮೈಲ್ 104ಕ್ಕೆ ಪೂರ್ತಿ ಬಂದು ನಿಲ್ಲಲು ಒಂದು ದಿನಕ್ಕಿಂತ ಜಾಸ್ತಿ ಬೇಕು. ಅಷ್ಟರಲ್ಲಿ ರೈತರ ಸಿಟ್ಟು ನೋಡಿ ನೀವು ನಾಲ್ಕು ಗೇಟ್ ತಿರುಗಿಸಿಬಿಟ್ಟರೆ ಮುಗೀತು. ಬರುವ ನೀರು, ನೀವು ಮಾಡಿದ ಬದಲಾವಣೆ, ಎರಡೂ ಸೇರಿ ಮರುದಿನ ಗೇಜ್ ಕುಣಿಯುತ್ತದೆ.

ಹಾಗಾಗಿ ನಾನು ಕ್ರಾಸ್ ರೆಗ್ಯುಲೇಟರ್‌ನ (ನಾಲೆಗೆ ಅಡ್ಡಲಾಗಿ ಇರುವ, ಮಟ್ಟ ಹಿಡಿಯುವ ಗೇಟ್‌ಗಳು) ಮೇಲ್ಭಾಗದ ನೀರಿನ ಮಟ್ಟ ಅಲುಗದಂತೆ ನೋಡಿಕೊಳ್ಳುತ್ತಿದ್ದೆ. ಉಪಕಾಲುವೆಯ ಗೇಟ್ ನೀರಿನಡಿಯಿಂದ ಹರಿಸುವಂಥದ್ದು. ಅದರ ಮೇಲಿನ ನೀರಿನ ಒತ್ತಡದ ಎತ್ತರ ನೂರಕ್ಕೆ ಹತ್ತು ಏರಿದರೂ ಹರಿವು ಏರುವುದು ಸುಮಾರು ಐದೇ. ಆದರೆ ಗೋಡೆಯ ಮೇಲಿಂದ ಉಕ್ಕಿ ಬೀಳುವ ಕಡೆ ಹದಿನೈದರಷ್ಟು ಏರುತ್ತದೆ. ರೆಗ್ಯುಲೇಟರ್ ಬಳಿ ಮಟ್ಟ ಸರಿ ಇದ್ದರೆ ಉಪಕಾಲುವೆಗಳನ್ನು ಮುಟ್ಟುವ ಅಗತ್ಯವೇ ಇರಲ್ಲ.

ಸ್ಕ್ರೂ ಗೇಟಿನ ಥ್ರೆಡ್ ಮೇಲೆ ನಮ್ಮ ಲಸ್ಕರ್ (ನಾಲೆ ಕಾಯುವ, ಗೇಟ್ ತಿರುಗಿಸುವ ಸಿಬ್ಬಂದಿ) ಕೆಂಪು ಬಣ್ಣದ ಗುರುತು ಹಾಕಿದ್ದರು. ಅವರು ವಯಸ್ಸಿನಲ್ಲಿ ನನಗಿಂತ ಹಿರಿಯರು, ಕಾಕಾ ಅಂತಲೇ ಕರೆಯುತ್ತಿದ್ದೆ. ಗುರುತಿನಿಂದ ಎಷ್ಟು ಸುತ್ತು ಎತ್ತಿದೆ ಅಂತ ಎಣಿಸಿ ಹೇಳುತ್ತಿದ್ದರು. ಗೇಜಿನ ಅಂಕಿಗಳ ಮೇಲೆ ಪಾಚಿ ಕೂತಿರುತ್ತದೆ, ಅದನ್ನು ಒರೆಸದೆ ಓದುತ್ತಿರಲಿಲ್ಲ. ಜೊತೆಗೆ ಏರಿಯ ಒದ್ದೆ ಗೆರೆ ನೋಡುತ್ತಿದ್ದರು. ನೀರಿಗಿಂತ ಗೆರೆ ಮೇಲಿದ್ದರೆ ರಾತ್ರಿ ನೀರು ಹೆಚ್ಚಿತ್ತು, ಈಗ ಇಳಿದಿದೆ ಅಂತ. ಬೆಳಗಿನ ವರದಿಯಲ್ಲಿ ಇದು ಬರಲ್ಲ ನೋಡಿ.

ಒಂದು ದಿನ ಮಟ್ಟ ಕುಸಿದಾಗ ನಾನು ಗೇಟಿಗೆ ಕೈ ಹಾಕಲು ಹೊರಟಿದ್ದೆ. "ಈಗ ಮುಟ್ಟಬ್ಯಾಡ್ರಿ ಸರ್, ತ್ರೀ ಫೇಸ್ ಕರೆಂಟ್ ಬಂದೈತಿ. ಕರೆಂಟ್ ಹೋದ್ರ ತಾನ ಏರ್ತದ" ಅಂದರು. ಏರಿಯುದ್ದಕ್ಕೂ ಇರುವ ಪಂಪ್‌ಸೆಟ್‌ಗಳ ಲೆಕ್ಕ ಅದು. ಕರೆಂಟ್ ಹೋಯಿತು, ನೀರು ಏರಿತು. ಆಮೇಲೆ ಗೇಜ್ ಪುಸ್ತಕದಲ್ಲಿ ಕರೆಂಟ್ ಬರುವ ಹೊತ್ತನ್ನೂ ಬರೆಸಲು ಶುರು ಮಾಡಿದೆ. ಅಕ್ರಮ ಪಂಪ್ ತೆಗೆಸುವುದು ಬೇರೆ ಕೆಲಸ, ಅದಕ್ಕೆ ಪೊಲೀಸರು ಬೇಕು. (ಈ ನಾಲೆಯನ್ನು ಯೋಚಿಸಿದ್ದು ಹೆಚ್ಚಾಗಿ ಕಡಿಮೆ ನೀರಿನ ಬೆಳೆಗೆ. ಮೇಲೆ ಎಲ್ಲಾ ಭತ್ತ. ಗೇಟಿನಿಂದ ಇದನ್ನು ಸರಿ ಮಾಡೋಕೆ ಆಗುತ್ತಾ?)

ನೀರು ಕಡಿಮೆ ಇದ್ದರೆ ಬೈಗುಳ, ಅಷ್ಟೇ. ನನಗೆ ಭಯ ಇದ್ದದ್ದು ಮಳೆಗೆ. ಮಳೆ ಬಿದ್ದ ಕೂಡಲೇ ಎಲ್ಲರೂ ತೂಬು ಮುಚ್ಚುತ್ತಾರೆ. ಡ್ಯಾಮಿಗೆ ಫೋನ್ ಮಾಡಿ ಕಡಿಮೆ ಮಾಡಿಸಿದರೂ ದಾರಿಯಲ್ಲಿರುವ ನೀರು ಬಂದೇ ಬರುತ್ತದೆ. ಆಗ ಎಸ್ಕೇಪ್ ಗೇಟ್ ತೆರೆದು ಹಳ್ಳಕ್ಕೆ ಬಿಡಬೇಕು. ಅದಕ್ಕೇ ಮಳೆಗಾಲ ಶುರುವಾಗುವ ಮೊದಲೇ ಎಸ್ಕೇಪ್ ಗೇಟ್‌ಗಳನ್ನು ಪೂರ್ತಿ ಎತ್ತಿ ಇಳಿಸಿ, ಗ್ರೀಸ್ ಹಾಕಿಸಿ ಇಡುತ್ತಿದ್ದೆ.

ನೀರು ನಿಲ್ಲಿಸುವಾಗಲೂ ಅವಸರ ಇಲ್ಲ. ಎರೆಮಣ್ಣಿನಲ್ಲಿ ನಾಲೆ ದಿಢೀರ್ ಇಳಿದರೆ ಏರಿಯೊಳಗಿನ ನೀರು ಹೊರಗೆ ಒತ್ತಿ ಲೈನಿಂಗ್ (ನಾಲೆಯ ಒಳಮೈಯ ಹೊದಿಕೆ) ಎಬ್ಬಿಸುತ್ತದೆ. ದಿನಕ್ಕೆ ಒಂದಡಿಗಿಂತ ಜಾಸ್ತಿ ಇಳಿಸಬಾರದು ಅನ್ನುವುದು ನಾನು ಇಟ್ಟುಕೊಂಡ ಮಿತಿ.

ಯಾವ ಮಟ್ಟಕ್ಕೆ ಎಷ್ಟು ಹರಿವು ಅಂತ ಹೇಳುವ ಗೇಜ್ ಪಟ್ಟಿಯನ್ನು ಮಾತ್ರ ಸುಮ್ನೆ ನಂಬಬೇಡಿ. ಹುಲ್ಲು, ಪಾಚಿ ಬೆಳೆದರೆ ಕಡಿಮೆ ಹರಿವಿನಲ್ಲೂ ಮಟ್ಟ ಮೇಲೆ ತೋರಿಸುತ್ತದೆ. ಹೂಳು ತೆಗೆದ ವರ್ಷ ಕರೆಂಟ್ ಮೀಟರ್ (ವಿದ್ಯುತ್ತಿನದಲ್ಲ, ನೀರಿನ ವೇಗ ಅಳೆಯುವುದು) ಇಳಿಸಿ ಮತ್ತೆ ಅಳೆದು, ಹೊಸ ಪಟ್ಟಿ ಮಾಡಿಕೊಳ್ಳಿ.