ಆರ್ಕಿಡ್‌ಗೆ ಹತ್ತಿದ ಹುಳು: ಪೂರ್ತಿ ಬಿಡಿಸುವುದು ಹೇಗೆ?

ಜನವರಿಯ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಆಸುಪಾಸಿನಲ್ಲಿ ಬೆಂಗಳೂರಿನ ಎಷ್ಟೋ ಮನೆಗಳಿಗೆ ಆರ್ಕಿಡ್ ಕುಂಡಗಳು ಬರುತ್ತವೆ. ಅಗಲ ಎಲೆಯ ಫೆಲನಾಪ್ಸಿಸ್ ಮತ್ತು ಕೋಲುಕೋಲಾಗಿ ಬೆಳೆಯುವ ಡೆಂಡ್ರೋಬಿಯಂ ಇವುಗಳಲ್ಲಿ ಹೆಚ್ಚು. ಶಿವರಾತ್ರಿ ಕಳೆದು ಬಿಸಿಲು ಏರುವ ಹೊತ್ತಿಗೆ ಕೆಲವು ಗಿಡಗಳ ಎಲೆಯ ಬುಡದಲ್ಲಿ ಹತ್ತಿಯ ಎಳೆಯಂಥ ಬಿಳುಪು ಕಾಣಿಸುತ್ತದೆ. ಒರೆಸಿದರೆ ಹೋಗುತ್ತದೆ, ವಾರ ಕಳೆದರೆ ಮತ್ತೆ ಬರುತ್ತದೆ. ಬಹುತೇಕರು ಸೋಲುವುದು ಇಲ್ಲೇ: ಒಮ್ಮೆ ಔಷಧಿ ಹೊಡೆದು, ಹುಳು ಕಾಣದಾಯಿತೆಂದು ಕೈಬಿಡುತ್ತಾರೆ. ಮೇಣದ ಹೊದಿಕೆಯೊಳಗಿನ ಮೊಟ್ಟೆಗಳಿಗೆ ಸೋಪಿನ ನೀರಾಗಲಿ ಬೇವಿನೆಣ್ಣೆಯಾಗಲಿ ಸರಿಯಾಗಿ ತಾಗುವುದಿಲ್ಲ. ಅವು ಒಡೆದು ಮರಿಯಾದಾಗ ನಾವು ಮತ್ತೆ ಅಲ್ಲಿರಬೇಕು. ಆದ್ದರಿಂದ ಈ ಕೆಲಸಕ್ಕೆ ಔಷಧಿಯಷ್ಟೇ ಕ್ಯಾಲೆಂಡರೂ ಮುಖ್ಯ.

ಮೊದಲು ಬೇರ್ಪಡಿಸಿ, ಆಮೇಲೆ ಗುರುತಿಸಿ

ಹುಳು ಕಂಡ ದಿನವೇ ಆ ಕುಂಡವನ್ನು ಉಳಿದ ಗಿಡಗಳಿಂದ ದೂರ, ಎಲೆಗೆ ಎಲೆ ತಾಗದ ಜಾಗದಲ್ಲಿ ಇಡಿ. ನಂತರ ಪಕ್ಕದಲ್ಲಿದ್ದ ಗಿಡಗಳನ್ನೂ ನೋಡಿ. ನಮ್ಮ ಬಾಲ್ಕನಿಗಳಲ್ಲಿ ಆರ್ಕಿಡ್‌ಗೆ ಹುಳು ಹತ್ತುವುದು ಅನೇಕ ವೇಳೆ ಪಕ್ಕದ ದಾಸವಾಳದಿಂದ ಅಥವಾ ಕ್ರೋಟನ್‌ನಿಂದ. ಆ ಗಿಡವನ್ನು ಹಾಗೇ ಬಿಟ್ಟು ಆರ್ಕಿಡ್ ಒಂದನ್ನೇ ತೊಳೆಯುತ್ತಿದ್ದರೆ ಶ್ರಮ ಮುಗಿಯುವುದೇ ಇಲ್ಲ.

ಹತ್ತಿಯಂಥ ಬಿಳುಪು ಎಂದರೆ ಹಿಟ್ಟು ತಿಗಣೆ. ಎಲೆಯ ನಡುನರದ ಉದ್ದಕ್ಕೂ ಅಥವಾ ಕಾಂಡದ ಮೇಲೆ ಅಂಟಿ ಕುಳಿತ, ಉಗುರಿನಿಂದ ಕೆರೆದರೆ ಏಳುವ ಕಂದು ಗುಬುಟು ಶಲ್ಕ ಕೀಟ. ಎಳೆಯ ಹೂಗೊಂಚಲಿನ ತುದಿಯಲ್ಲಿ ಗುಂಪಾಗಿರುವ ಹಸಿರು ಅಥವಾ ಕಪ್ಪು ಹುಳು ಸಸ್ಯಹೇನು. ಇದು ನಲ್ಲಿಯ ನೀರಿನ ರಭಸಕ್ಕೇ ಬಹುಮಟ್ಟಿಗೆ ಬಿಟ್ಟುಹೋಗುತ್ತದೆ. ಎಲೆಯ ಅಡಿಭಾಗ ಬೂದಿ ಬಳಿದಂತೆ ಬೆಳ್ಳಿ ಬಣ್ಣಕ್ಕೆ ತಿರುಗಿದ್ದರೆ ನುಸಿಯನ್ನು ಅನುಮಾನಿಸಬೇಕು. ಎಲೆ ಅಂಟಂಟಾಗಿ, ಅದರ ಮೇಲೆ ಕಪ್ಪು ಬೂಷ್ಟು ಹಿಡಿದಿದ್ದರೆ ಮೇಲೆಲ್ಲೋ ರಸ ಹೀರುವ ಕೀಟ ಕುಳಿತಿದೆ ಎಂದರ್ಥ. ಆದರೆ ಹೂವಿನ ತೊಟ್ಟಿನ ಬಳಿ ಅಲ್ಲೊಂದು ಇಲ್ಲೊಂದು ತಿಳಿಯಾದ ಸಿಹಿ ಹನಿ ಕಂಡರೆ ಗಾಬರಿ ಬೇಡ. ಆರೋಗ್ಯವಂತ ಆರ್ಕಿಡ್ ತಾನಾಗಿಯೇ ಅಂಥ ಮಕರಂದವನ್ನು ಒಸರುತ್ತದೆ. ಸುತ್ತ ಹುಳು ಇಲ್ಲದಿದ್ದರೆ ಒರೆಸಿ ಸುಮ್ಮನಿರಬಹುದು.

ಹುಳು ಅಡಗುವ ತಾಣಗಳು ಕೆಲವೇ. ಎರಡು ಎಲೆಗಳು ಕೂಡುವ ಸಂದು, ಡೆಂಡ್ರೋಬಿಯಂ ಕೋಲನ್ನು ಸುತ್ತಿರುವ ಒಣಗಿದ ಕಾಗದದಂಥ ಪೊರೆಯ ಒಳಗೆ, ಹೂದಂಟನ್ನು ಕಡ್ಡಿಗೆ ಸೇರಿಸಿದ ಕ್ಲಿಪ್‌ನ ಅಡಿ, ಕುಂಡದ ಅಂಚಿನ ಕೆಳಗೆ. ಒಣಪೊರೆಯನ್ನು ಮೇಲಿನಿಂದ ಸೀಳಿ ನಿಧಾನವಾಗಿ ಸುಲಿದು ತೆಗೆಯಿರಿ, ಕ್ಲಿಪ್‌ಗಳನ್ನು ಬಿಚ್ಚಿ ತೊಳೆಯಿರಿ. ಭೂತಗನ್ನಡಿ ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾದಲ್ಲಿ ಹಿಗ್ಗಿಸಿ ನೋಡಿದರೂ ಸಾಕು.

ಕೈಯಿಂದ ತೆಗೆಯುವ ಕೆಲಸ

ಹಿಟ್ಟು ತಿಗಣೆ ಮತ್ತು ಶಲ್ಕ ಕೀಟಕ್ಕೆ ಎಲ್ಲಕ್ಕಿಂತ ಒಳ್ಳೆಯ ಆರಂಭವೆಂದರೆ ಇಯರ್ ಬಡ್ ಮತ್ತು ಔಷಧಿ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್. ಶೇ 70ರ ತೀವ್ರತೆ ಸಾಕು; ಶೇ 99ರದು ಸಿಕ್ಕಿದರೆ ಏಳು ಪಾಲಿಗೆ ಮೂರು ಪಾಲು ನೀರು ಬೆರೆಸಿಕೊಳ್ಳಿ. ಅದು ಬೇಗ ಬೆಂಕಿ ಹೊತ್ತಿಕೊಳ್ಳುವ ವಸ್ತು, ಆದ್ದರಿಂದ ದೇವರ ಮನೆಯ ದೀಪ, ಊದುಬತ್ತಿ, ಒಲೆ ಇವುಗಳಿಂದ ದೂರ, ಕಿಟಕಿ ತೆರೆದಿಟ್ಟು ಕೆಲಸ ಮಾಡಬೇಕು. ಮೊದಲು ಒಂದು ಹಳೆಯ ಎಲೆಯ ಮೂಲೆಗೆ ಹಚ್ಚಿ ಒಂದು ದಿನ ಕಾಯಿರಿ. ಎಲೆ ತಡೆದುಕೊಂಡರೆ ಮುಂದುವರಿಯಿರಿ. ಹೂವಿಗೆ, ಹೊಸ ಬೇರಿನ ಹಸಿರು ತುದಿಗೆ ತಾಗಿಸಬೇಡಿ.

ಬಡ್ಡನ್ನು ಅದ್ದಿ, ತೊಟ್ಟಿಕ್ಕದಂತೆ ಹಿಂಡಿ, ಬಿಳಿ ಉಂಡೆಯ ಮೇಲೆ ಒಂದು ಕ್ಷಣ ಒತ್ತಿ ಹಿಡಿಯಿರಿ. ಹೊರಗಿನ ಮೇಣದ ಹಿಟ್ಟು ಕರಗಿ, ಒಳಗಿನ ನಸುಗುಲಾಬಿ ಬಣ್ಣದ ಮೆತ್ತನೆಯ ಹುಳು ಕಾಣಿಸಿಕೊಳ್ಳುತ್ತದೆ. ಆಗ ತಿರುಗಿಸಿ ಎತ್ತಿದರೆ ಹುಳುವಿನೊಡನೆ ಮೊಟ್ಟೆಯ ಚೀಲವೂ ಬರುತ್ತದೆ. ಒಂದು ಹೆಣ್ಣು ತಿಗಣೆ ಆ ಚೀಲದಲ್ಲಿ ನೂರಾರು ಮೊಟ್ಟೆ ಇಡುವುದರಿಂದ ಕಣ್ಣಿಗೆ ಕಂಡ ಒಂದೊಂದನ್ನೂ ಎತ್ತುವುದು ಮುಖ್ಯ. ಬಡ್ಡನ್ನು ಮೇಲಿಂದ ಮೇಲೆ ಬದಲಿಸಿ, ಬಳಸಿದ್ದನ್ನು ಮತ್ತೆ ಶೀಶೆಗೆ ಅದ್ದಬೇಡಿ. ಶಲ್ಕ ಕೀಟಕ್ಕೆ ಮೆತ್ತಗಿನ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಬೇಕಾಗುತ್ತದೆ. ಸತ್ತ ಮೇಲೂ ಅದರ ಚಿಪ್ಪು ಎಲೆಗೆ ಅಂಟಿಕೊಂಡೇ ಇರುತ್ತದೆ: ಉಗುರಿನಿಂದ ಒತ್ತಿದಾಗ ರಸ ಬಂದರೆ ಜೀವಂತ, ಹೊಟ್ಟಿನಂತೆ ಉದುರಿದರೆ ಸತ್ತಿದೆ.

ಸಿಂಪಡಣೆ, ಮತ್ತು ನಮ್ಮೂರಿನ ನೀರು

ಮರುದಿನ ಸಂಜೆ ಸೋಪಿನ ನೀರು ಸಿಂಪಡಿಸಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪು ಮತ್ತು ಹೊಂಗೆ ಸೋಪು ಇದಕ್ಕೆಂದೇ ಇವೆ. ಪೊಟ್ಟಣದಲ್ಲಿ ಹೇಳಿದ ಪ್ರಮಾಣವನ್ನು ಮೀರದೆ ಬಳಸಿ. ಅದು ಸಿಗದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ ಮತ್ತು 1ರಿಂದ 2 ಮಿಲಿ ಸೌಮ್ಯವಾದ ದ್ರವ ಸೋಪು ಸೇರಿಸಿ ಚೆನ್ನಾಗಿ ಕುಲುಕಿಕೊಳ್ಳಿ. ಡಿಸೆಂಬರ್ ಚಳಿಯಲ್ಲಿ ಎಣ್ಣೆ ಹೆಪ್ಪುಗಟ್ಟಿದ್ದರೆ ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಡಿ. ಬೆರೆಸಿದ್ದನ್ನು ಅಂದೇ ಮುಗಿಸಬೇಕು.

ಇಲ್ಲಿ ನೀರಿನ ಮಾತು ಬರುತ್ತದೆ. ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಸಾಮಾನ್ಯವಾಗಿ ಗಡಸು. ಅದರಲ್ಲಿ ಸೋಪು ಒಡೆದು ಬಿಳಿ ಕೆನೆಯಂತಾಗಿ ಕೀಟಕ್ಕೆ ಅಂಟುವ ಗುಣ ಕಳೆದುಕೊಳ್ಳುತ್ತದೆ, ಎಲೆಯ ಮೇಲೆ ಸುಣ್ಣದ ಕಲೆಯನ್ನೂ ಉಳಿಸುತ್ತದೆ. ಕಾವೇರಿ ನೀರು, ಶೇಖರಿಸಿದ ಮಳೆನೀರು ಅಥವಾ ಶುದ್ಧೀಕರಿಸಿದ ಕುಡಿಯುವ ನೀರನ್ನು ಬಳಸಿ. ಔಷಧಿ ಕೆಲಸ ಮಾಡಲಿಲ್ಲ ಎಂದು ದೂರುವವರಿಗೆ ನಾನು ಮೊದಲು ಕೇಳುವ ಪ್ರಶ್ನೆಯೇ ಯಾವ ನೀರು ಎಂಬುದು.

ಸೋಪು ಹಸಿಯಾಗಿ ಕೀಟದ ಮೈಗೆ ತಾಗಿದರಷ್ಟೇ ಕೊಲ್ಲುತ್ತದೆ, ಒಣಗಿದ ಮೇಲೆ ಅದಕ್ಕೆ ಶಕ್ತಿಯಿಲ್ಲ. ಹಾಗಾಗಿ ಎಲೆಯ ಅಡಿಭಾಗ ಮತ್ತು ಸಂದುಗಳು ತೋಯಲೇಬೇಕು. ಬಿಸಿಲಿನಲ್ಲಿ ಮಾತ್ರ ಸಿಂಪಡಿಸಬೇಡಿ. ಕೆಲವು ವರ್ಷಗಳ ಹಿಂದೆ ನಾನು ಪಾತ್ರೆ ತೊಳೆಯುವ ದ್ರವವನ್ನು ಅಂದಾಜಿನಲ್ಲಿ ಬೆರೆಸಿ ಮಧ್ಯಾಹ್ನ ಸಿಂಪಡಿಸಿದ ಗಿಡದ ಮೂರು ಎಲೆಗಳು ನಾಲ್ಕೇ ದಿನದಲ್ಲಿ ಸುಟ್ಟು ಕಂದಾದವು. ವರ್ಷಕ್ಕೆ ಎರಡೇ ಎಲೆ ಬಿಡುವ ಗಿಡಕ್ಕೆ ಅದು ದೊಡ್ಡ ನಷ್ಟ, ಆ ಬೇಸರ ಇನ್ನೂ ಹೋಗಿಲ್ಲ.

ಸಿಂಪಡಿಸಿ ಅರ್ಧ ಗಂಟೆಯಾದ ಮೇಲೆ ಫೆಲನಾಪ್ಸಿಸ್‌ನ ಸುಳಿಯಲ್ಲಿ ನಿಂತ ನೀರನ್ನು ಟಿಶ್ಯೂ ಕಾಗದದ ತುದಿಯಿಂದ ಹೀರಿಸಿ ತೆಗೆಯಿರಿ. ತೆಂಗಿನಂತೆ ಇದು ಒಂದೇ ಸುಳಿಯಲ್ಲಿ ಬೆಳೆಯುವ ಗಿಡ. ರಾತ್ರಿಯಿಡೀ ನೀರು ನಿಂತು ಸುಳಿ ಕೊಳೆತರೆ ಹುಳುವಿನಿಂದ ಉಳಿದ ಗಿಡ ನಮ್ಮ ಕೈಯಿಂದಲೇ ಹೋಗುತ್ತದೆ.

ಇದನ್ನು 7 ದಿನಕ್ಕೊಮ್ಮೆಯಂತೆ ನಾಲ್ಕು ಬಾರಿ ಮಾಡಿ. ಎರಡನೆಯ ವಾರ ಏನೂ ಕಾಣದಿದ್ದರೂ ಮೂರನೆಯದನ್ನು ಬಿಡಬೇಡಿ. ಆ ನಡುವೆ ಒಡೆಯುವ ಮೊಟ್ಟೆಗಳಿಂದ ಹೊರಬರುವ, ಚುಕ್ಕೆಯಷ್ಟೇ ಇರುವ ಹರಿದಾಡುವ ಮರಿಗಳಿಗೆ ಇನ್ನೂ ಮೇಣವಾಗಲಿ ಚಿಪ್ಪಾಗಲಿ ಕಟ್ಟಿರುವುದಿಲ್ಲ. ಅವು ಸುಲಭವಾಗಿ ಸಾಯುವ ಕಾಲ ಅದೊಂದೇ.

ಬೇರು ಮತ್ತು ಇರುವೆ

ಎಲೆ ಸ್ವಚ್ಛವಾಗಿದ್ದೂ ಗಿಡ ಸೊರಗುತ್ತಿದ್ದರೆ ಕುಂಡದಿಂದ ಹೊರತೆಗೆದು ನೋಡಿ, ಹಿಟ್ಟು ತಿಗಣೆ ಬೇರಿನಲ್ಲೂ ಇರುತ್ತದೆ. ಹಳೆಯ ತೊಗಟೆ, ತೆಂಗಿನ ಸಿಪ್ಪೆಯ ಚೂರುಗಳನ್ನೆಲ್ಲ ಎಸೆದು, ಬೇರನ್ನು ಹರಿವ ನೀರಿನಲ್ಲಿ ತೊಳೆದು, ಟೊಳ್ಳಾದ ಬೇರುಗಳನ್ನು ಕತ್ತರಿಸಿ, ಬಿಸಿನೀರಿನಲ್ಲಿ ತೊಳೆದ ಕುಂಡದಲ್ಲಿ ಹೊಸ ಇದ್ದಿಲು, ತೊಗಟೆ ತುಂಬಿ ಮತ್ತೆ ಕೂರಿಸಬೇಕು.

ಇರುವೆಯ ಸಾಲು ಕುಂಡ ಹತ್ತುತ್ತಿದ್ದರೆ ಅದನ್ನೂ ತಡೆಯಲೇಬೇಕು. ತಿಗಣೆ ಒಸರುವ ಸಿಹಿ ರಸಕ್ಕಾಗಿ ಇರುವೆ ಅದನ್ನು ಸಾಕುತ್ತದೆ, ಶತ್ರುಗಳನ್ನು ಓಡಿಸುತ್ತದೆ. ಬೆಲ್ಲದ ಡಬ್ಬಿಯನ್ನು ನೀರಿನ ತಟ್ಟೆಯಲ್ಲಿ ಇಡುತ್ತಿದ್ದ ಅಜ್ಜಿಯಂದಿರ ಉಪಾಯವೇ ಇಲ್ಲೂ ಸಾಕು: ತಟ್ಟೆಯಲ್ಲಿ ನೀರು, ನಡುವೆ ಕಲ್ಲು, ಕಲ್ಲಿನ ಮೇಲೆ ಕುಂಡ.

ನುಸಿ ಕೀಟದ ಜಾತಿಗೆ ಸೇರಿದ್ದಲ್ಲ, ಎಂಟು ಕಾಲಿನ ಜೇಡದ ಬಳಗದ್ದು. ಎಷ್ಟೋ ಕೀಟನಾಶಕಗಳು ಅದಕ್ಕೆ ನಾಟುವುದಿಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣಹವೆ ಅದಕ್ಕೆ ಇಷ್ಟ. ಬೆಳಿಗ್ಗೆ ಎಲೆಯ ಅಡಿಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅದೇ ವಾರದ ಲೆಕ್ಕದಲ್ಲಿ ಸೋಪಿನ ನೀರು ಕೊಡಿ. ಹೂವಿನ ಎಸಳಿನ ಮೇಲೆ ಕಂದು ಗೀರು ಮೂಡಿ, ಮೊಗ್ಗು ಸೊಟ್ಟಗಾದರೆ ಅದು ಥ್ರಿಪ್ಸ್ ಎಂಬ ಪುಟ್ಟ ಕೀಟದ ಕೆಲಸ. ಮೊಗ್ಗಿನೊಳಗೆ ಔಷಧಿ ತಲುಪದು, ಗೊಂಚಲನ್ನೇ ಕತ್ತರಿಸಿ ತೆಗೆಯುವುದು ಒಳ್ಳೆಯದು.

ಘಾಟಾದ ಕೀಟನಾಶಕಗಳನ್ನು ಮನೆಯೊಳಗೆ ತರಬೇಡಿ ಎಂದೇ ನನ್ನ ಸಲಹೆ. ಡೈಕ್ಲೋರ್ವಾಸ್ ಅನ್ನು ಕೇಂದ್ರ ಸರ್ಕಾರ 2018ರ ಆದೇಶದಲ್ಲಿ ನಿಷೇಧದ ಪಟ್ಟಿಗೆ ಸೇರಿಸಿತ್ತು, 2020ರ ಕೊನೆಗೆ ಅದು ಪೂರ್ಣವಾಗಿ ಜಾರಿಗೆ ಬಂತು; ಹಳೆಯ ಬಾಟಲಿ ಅಟ್ಟದಲ್ಲಿ ಉಳಿದಿದ್ದರೂ ಬಳಸಬಾರದು.

ಬಾಲ್ಕನಿಯ ಗಿಡದಲ್ಲಿ ಒಂದು ಎಚ್ಚರಿಕೆ ಇರಲಿ. ಹಿಟ್ಟು ತಿಗಣೆಯನ್ನೇ ತಿಂದು ಬದುಕುವ, ಆಸ್ಟ್ರೇಲಿಯಾ ಮೂಲದ ಗುಲಗಂಜಿ ಹುಳುವಿನ ಮರಿಯೂ ಬಿಳಿ ಮೇಣದ ಎಳೆಗಳನ್ನು ಹೊದ್ದು ತಿಗಣೆಯಂತೆಯೇ ಕಾಣುತ್ತದೆ. ಅದು ತಿಗಣೆಗಿಂತ ದೊಡ್ಡದು, ಮುಟ್ಟಿದರೆ ಚುರುಕಾಗಿ ಓಡುತ್ತದೆ. ಅಂಥದ್ದು ಕಂಡರೆ ಬಡ್ಡನ್ನು ಕೆಳಗಿಟ್ಟು, ಆ ವಾರದ ಸಿಂಪಡಣೆಯನ್ನು ನಿಲ್ಲಿಸಿ.

ನಾಲ್ಕನೆಯ ಸಿಂಪಡಣೆಯಾದ ಮೇಲೆ ಇನ್ನೊಂದು ತಿಂಗಳು ಗಿಡವನ್ನು ಪ್ರತ್ಯೇಕವಾಗಿಯೇ ಇಟ್ಟು ವಾರಕ್ಕೊಮ್ಮೆ ಸಂದುಗಳನ್ನು ನೋಡಿ, ಆಮೇಲೆ ಉಳಿದವುಗಳ ಜೊತೆ ಸೇರಿಸಿ. ಹೊಸದಾಗಿ ಕೊಂಡ ಕುಂಡಕ್ಕೂ ಇದೇ ಒಂದು ತಿಂಗಳ ನಿಯಮ ಇರಲಿ.