ಮೊದಲು ಅಳತೆ, ಆಮೇಲೆ ಬೋರಿಂಗ್: ಹಳೆಯ ಅಂಬಾಸಡರ್ ಎಂಜಿನ್ ಕಟ್ಟುವ ಬಗೆ

ನಮ್ಮ ತಂದೆಯವರ 1971ರ ಅಂಬಾಸಡರ್ ಮಾರ್ಕ್ 2 ನೀಲಿ ಹೊಗೆ ಬಿಡತೊಡಗಿದಾಗ ಎಂಜಿನ್ ಇಳಿಸಿ, ಸಿಲಿಂಡರ್‌ಗಳಿರುವ ಬ್ಲಾಕನ್ನು ಆಟೊದಲ್ಲಿ ಹಾಕಿಕೊಂಡು ಹೋಗಿ, ಸವೆದ ಸಿಲಿಂಡರ್‌ಗಳನ್ನು ಕೊರೆದು ದುಂಡಗೆ ಮಾಡುವ ಒಂದು ಬೋರಿಂಗ್ ಅಂಗಡಿಗೆ ಕೊಟ್ಟು ಬಂದೆ. ಪಿಸ್ಟನ್‌ಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಬೇಕಿತ್ತು. ನಾನು ತಂದುಕೊಡುವಷ್ಟರಲ್ಲಿ ಅಂಗಡಿಯವರು ಬ್ಲಾಕನ್ನು ‘ಥರ್ಟಿ’ ಸೈಜಿಗೆ ಕೊರೆದು ಮುಗಿಸಿದ್ದರು. ಪಿಸ್ಟನ್ ಇಳಿಬಿಟ್ಟು ನೋಡಿದರೆ ಎರಡು ಸಿಲಿಂಡರ್‌ಗಳಲ್ಲಿ ಸಡಿಲ. ಇರಬೇಕಾದ ಅಂತರಕ್ಕಿಂತ ಎರಡು ಥೌ ಹೆಚ್ಚು. ಮತ್ತೆ ಕೊರೆದು ‘ಫಾರ್ಟಿ’ಗೆ ಹೋಗದೆ ಬೇರೆ ದಾರಿ ಉಳಿಯಲಿಲ್ಲ. ಐವತ್ತು ವರ್ಷ ಬಾಳಿದ ಬ್ಲಾಕಿನ ಬೀಡು ಕಬ್ಬಿಣ ಒಂದು ಸೈಜಿನಷ್ಟು ಸುಮ್ಮನೆ ಪುಡಿಯಾಗಿ ನೆಲಕ್ಕೆ ಬಿತ್ತು. ಆ ಸಂಕಟ ಇನ್ನೂ ಹೋಗಿಲ್ಲ. ನಿಮ್ಮ ಮನೆಯ ಹಳೆಯ ಕಾರಿಗೆ ಹಾಗಾಗಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಈ ‘ಥೌ’ ಏನೆಂದು ತಿಳಿಯಬೇಕು. ಅಂಬಾಸಡರ್‌ನ 1489 ಸಿಸಿ ಎಂಜಿನ್ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸರಣಿಯದು. ಅದರ ಲೆಕ್ಕವೆಲ್ಲ ಇಂಚಿನಲ್ಲಿ. ಬೋರ್ (ಸಿಲಿಂಡರಿನ ಒಳ ಅಗಲ) 2.875 ಇಂಚು, ಅಂದರೆ 73.025 ಮಿ.ಮೀ.; ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 3.5 ಇಂಚು, ಅಂದರೆ 88.9 ಮಿ.ಮೀ. ಇಂಚಿನ ಸಾವಿರದ ಒಂದು ಭಾಗವೇ ಥೌ: 0.0254 ಮಿ.ಮೀ. ತಲೆಗೂದಲಿನ ದಪ್ಪ ಸುಮಾರು ಎರಡರಿಂದ ನಾಲ್ಕು ಥೌ. ಅಂಗಡಿಯಲ್ಲಿ ಟೆನ್, ಟ್ವೆಂಟಿ, ಥರ್ಟಿ, ಫಾರ್ಟಿ ಎನ್ನುವುದು ಮೂಲ ಅಳತೆಗಿಂತ ಅಷ್ಟು ಥೌ ದೊಡ್ಡದಾದ ಪಿಸ್ಟನ್ ಸೈಜನ್ನು. ಫಾರ್ಟಿ ಎಂದರೆ ಸುಮಾರು ಒಂದು ಮಿಲಿಮೀಟರ್. ಐವತ್ತು ವರ್ಷದಲ್ಲಿ ಒಂದು ಬ್ಲಾಕ್ ಬಿಟ್ಟುಕೊಡಬಹುದಾದದ್ದು ಅಷ್ಟೇ. ಮಾಲೀಕರು ಬದಲಾದರೂ, ಮೆಕ್ಯಾನಿಕ್‌ಗಳು ಬದಲಾದರೂ ಆ ಒಂದು ಮಿಲಿಮೀಟರ್‌ನಲ್ಲೇ ಎಲ್ಲರೂ ಸುಧಾರಿಸಬೇಕು. ಫಿಯೆಟ್ ಅಥವಾ ಪದ್ಮಿನಿ ಇದ್ದವರಿಗೆ ಲೆಕ್ಕ ಮಿಲಿಮೀಟರಿನಲ್ಲಿ: 1089 ಸಿಸಿ, ಬೋರ್ 68, ಸ್ಟ್ರೋಕ್ 75. ಕೆಲಸದ ಕ್ರಮ ಹೆಚ್ಚುಕಡಿಮೆ ಒಂದೇ.

ಎಂಜಿನ್ ಇಳಿಸುವ ಮುನ್ನ

ಹೊಗೆ ಕಂಡ ತಕ್ಷಣ ಎಂಜಿನ್ ಇಳಿಸಬೇಡಿ. ಎಂಜಿನ್ ಬಿಸಿ ಮಾಡಿ, ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಒಂದೊಂದೇ ಸಿಲಿಂಡರಿನ ಕಂಪ್ರೆಷನ್ ನೋಡಿಸಿ. ಯಾವುದರಲ್ಲಿ ಕಡಿಮೆ ಇದೆಯೋ ಅದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಒತ್ತಡ ಏರಿದರೆ ದೋಷ ಪಿಸ್ಟನ್ ರಿಂಗ್ ಇಲ್ಲವೇ ಬೋರಿನದು. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆಯದು. ಬ್ಲಾಕಿನ ಮೇಲೆ ಕೂರುವ, ವಾಲ್ವ್‌ಗಳಿರುವ ಹೆಡ್‌ನ ಕೆಲಸದಲ್ಲಿಯೇ ಮುಗಿಯುವುದಾದರೆ ಬ್ಲಾಕನ್ನು ಮುಟ್ಟುವ ಅಗತ್ಯವೇ ಇಲ್ಲ.

ಬಿಚ್ಚುವಾಗ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಕನೆಕ್ಟಿಂಗ್ ರಾಡ್ ಮತ್ತು ಅದರ ಕ್ಯಾಪ್ ಜೋಡಿಯಾಗಿ ಕೊರೆದವು, ಮೇನ್ ಬೇರಿಂಗ್ ಕ್ಯಾಪ್‌ಗಳೂ ಬ್ಲಾಕಿನ ಜತೆಗೇ ಕೊರೆದವು. ಅದಲುಬದಲಾದರೆ ರಂಧ್ರ ದುಂಡಗಿರುವುದಿಲ್ಲ. ಸಂಖ್ಯೆ ಕಾಣದಿದ್ದರೆ ಪಂಚ್‌ನಿಂದ ಚುಕ್ಕೆ ಹಾಕಿ: ಒಂದನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು. ಪುಷ್ ರಾಡ್‌ಗಳನ್ನು ರಟ್ಟಿಗೆ ತೂತು ಮಾಡಿ ಸಾಲಾಗಿ ಸಿಕ್ಕಿಸಿ. ಎಂಜಿನ್ ನಂಬರನ್ನು ಪೆನ್ಸಿಲ್ ಉಜ್ಜಿ ಕಾಗದಕ್ಕೆ ಇಳಿಸಿಕೊಳ್ಳಿ, ಆ ಜಾಗಕ್ಕೆ ಗ್ರೈಂಡರ್ ತಾಗಿಸಬಾರದೆಂದು ಅಂಗಡಿಯಲ್ಲಿ ಬಾಯಿಬಿಟ್ಟು ಹೇಳಿ. ಕೇಂದ್ರ ಸರ್ಕಾರದ 2021ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲಿ ಉಳಿದ ಕಾರು ಮಾತ್ರ ವಿಂಟೇಜ್ ಎನ್ನಿಸಿಕೊಳ್ಳುತ್ತದೆ. ನಂಬರ್ ಅಳಿಸಿಹೋದರೆ ಅದೇ ಎಂಜಿನ್ ಎಂದು ತೋರಿಸುವುದು ಕಷ್ಟ.

ಹಂಡೆಯ ಒಳಗಿನ ಬಿಳಿ ಪದರ

ತುಮಕೂರು ಸೀಮೆಯ ಎಂಜಿನ್‌ಗಳ ದೊಡ್ಡ ರೋಗ ನೀರಿನದು. ನಮ್ಮ ಬೋರ್‌ವೆಲ್ ನೀರಿನ ಗಡಸುತನ ಎಲ್ಲರಿಗೂ ಗೊತ್ತು. ಬಚ್ಚಲ ಹಂಡೆಯ ಒಳಗೆ ಕಟ್ಟುವ ಬಿಳಿ ಪದರವೇ ಬ್ಲಾಕಿನ ನೀರಿನ ದಾರಿಯಲ್ಲಿಯೂ ಕಟ್ಟುತ್ತದೆ, ತುಕ್ಕಿನೊಂದಿಗೆ ಬೆರೆತು ಗಾರೆಯಂತಾಗುತ್ತದೆ. ಬ್ಲಾಕಿನ ಪಕ್ಕದ ತಗಡಿನ ಕೋರ್ ಪ್ಲಗ್‌ಗಳನ್ನು ತೆಗೆಸಿದಾಗ ನಮ್ಮ ಕಾರಿನ ನಾಲ್ಕನೆಯ ಸಿಲಿಂಡರಿನ ಹಿಂದೆ ನೀರು ಓಡಾಡುವ ಜಾಗವೇ ಇರಲಿಲ್ಲ. ಸ್ಕ್ರೂಡ್ರೈವರ್ ಚುಚ್ಚಿದರೆ ಬಿಸ್ಕತ್ತಿನಂತೆ ಚೂರುಚೂರಾಗಿ ಉದುರಿತು. ಒಂದು ಪಾವು ತುಂಬುವಷ್ಟು. ಬೇಸಿಗೆಯಲ್ಲಿ ಕುದಿಯುತ್ತಿದ್ದ ಕಾರಿಗೆ ನಾವು ಎರಡು ಸಲ ರೇಡಿಯೇಟರ್ ರಿಪೇರಿ ಮಾಡಿಸಿದ್ದೆವು.

ಆದ್ದರಿಂದ ಕೋರ್ ಪ್ಲಗ್ ಎಲ್ಲವನ್ನೂ, ಆಯಿಲ್ ಗ್ಯಾಲರಿಯ ಪ್ಲಗ್‌ಗಳನ್ನೂ ತೆಗೆಸಿದ ಮೇಲೆಯೇ ಬ್ಲಾಕನ್ನು ತೊಳೆಯಲು ಕೊಡಿ. ಅಂಗಡಿಗಳಲ್ಲಿ ಕಾಸ್ಟಿಕ್ ಸೋಡಾ ಹಾಕಿದ ಬಿಸಿ ತೊಟ್ಟಿಯಲ್ಲಿ ಅದ್ದುತ್ತಾರೆ. ಅಂಬಾಸಡರ್‌ನ ಬ್ಲಾಕ್, ಹೆಡ್ ಎರಡೂ ಬೀಡು, ತೊಂದರೆಯಿಲ್ಲ. ಫಿಯೆಟ್‌ನ ಹೆಡ್ ಅಲ್ಯೂಮಿನಿಯಂ. ಅದನ್ನು ಕಾಸ್ಟಿಕ್‌ಗೆ ಹಾಕಿದರೆ ಲೋಹವನ್ನೇ ತಿಂದುಹಾಕುತ್ತದೆ. ಕ್ಯಾಮ್ ಬುಷ್‌ಗಳೂ ಆ ತೊಟ್ಟಿಯಲ್ಲಿ ಹಾಳಾಗುತ್ತವೆ, ಹೊಸದಕ್ಕೆ ದುಡ್ಡು ತೆಗೆದಿಡಿ.

ತೊಳೆದ ಮೇಲೆ ಬಿರುಕು ಹುಡುಕಬೇಕು. ಕೆಂಪು ಡೈ ಸವರಿ, ಒರೆಸಿ, ಬಿಳಿ ಪುಡಿ ಸಿಂಪಡಿಸುವ ವಿಧಾನ ಈಗ ಸುಲಭವಾಗಿ ಸಿಗುತ್ತದೆ. ಹಳಬರು ಡೀಸೆಲ್ ಸವರಿ, ಚೆನ್ನಾಗಿ ಒರೆಸಿ, ಸೀಮೆಸುಣ್ಣ ಬಳಿಯುತ್ತಿದ್ದರು. ಬಿರುಕಿದ್ದಲ್ಲಿ ಡೀಸೆಲ್ ಒಸರಿ ಸುಣ್ಣದ ಮೇಲೆ ಗೆರೆ ಮೂಡುತ್ತದೆ. ಹೆಡ್‌ನಲ್ಲಿ ಎರಡು ವಾಲ್ವ್ ಸೀಟುಗಳ ನಡುವಿನ ಜಾಗವನ್ನು ವಿಶೇಷವಾಗಿ ನೋಡಿ. ಬಿರುಕು ಸಿಕ್ಕಿದರೆ ಮುಂದಿನ ಖರ್ಚಿಗೆ ಮುನ್ನವೇ ಸಿಕ್ಕಿತಲ್ಲ ಎಂದು ಸಮಾಧಾನಪಡಿ.

ಅಳತೆ

ಎರಡನೆಯ ಸಲ ನಾನು ಹೋದದ್ದು ಅಂತರಸನಹಳ್ಳಿ ಕಡೆಯ ಒಂದು ಸಣ್ಣ ಅಂಗಡಿಗೆ. ಅಲ್ಲಿನ ಹಿರಿಯ ಮೇಸ್ತ್ರಿ ಬ್ಲಾಕಿನತ್ತ ತಿರುಗಿಯೂ ನೋಡದೆ ಮೊದಲು ಕೇಳಿದ್ದು, ‘ಪಿಸ್ಟನ್ ತಂದಿದ್ದೀರಾ ಸಾರ್?’ ಎಂದು. ಆ ಪ್ರಶ್ನೆ ಕೇಳುವವರ ಬಳಿ ಕೆಲಸ ಕೊಡಿ. ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆ ಇದ್ದ ಊರು ನಮ್ಮದು. ಮೈಕ್ರೋಮೀಟರ್ ಹಿಡಿದು ಪಳಗಿದವರನ್ನು ಹುಡುಕಿದರೆ ಸಿಗುತ್ತಾರೆ.

ಬೋರ್ ಡಯಲ್ ಗೇಜ್‌ನಿಂದ ಪ್ರತಿ ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ, ಪ್ರತಿ ಎತ್ತರದಲ್ಲೂ ಬ್ಲಾಕಿನ ಉದ್ದಕ್ಕೆ ಮತ್ತು ಅಡ್ಡಕ್ಕೆ ಅಳೆಯಬೇಕು. ನಾಲ್ಕು ಸಿಲಿಂಡರಿಗೆ 24 ಅಳತೆ. ಎಲ್ಲವನ್ನೂ ನೋಟ್‌ಬುಕ್‌ನಲ್ಲಿ ನೀವೇ ಬರೆದುಕೊಳ್ಳಿ. ಸವೆತ ಹೆಚ್ಚಿರುವುದು ಮೇಲಿನ ರಿಂಗ್ ನಿಂತು ತಿರುಗುವ ಜಾಗದಲ್ಲಿ, ಅದೂ ಅಡ್ಡ ದಿಕ್ಕಿನಲ್ಲಿ, ಏಕೆಂದರೆ ಉರಿಯುವ ಗ್ಯಾಸಿನ ಒತ್ತಡಕ್ಕೆ ಪಿಸ್ಟನ್ ಗೋಡೆಗೆ ಒರಗುವುದು ಅಲ್ಲಿ. ಮೇಲಂಚಿನ ಕೆಳಗೆ ಬೆರಳಾಡಿಸಿದರೆ ಉಗುರಿಗೆ ಒಂದು ಮೆಟ್ಟಿಲು ತಗಲುತ್ತದೆ; ಸವೆಯದೆ ಉಳಿದ ಮೂಲ ಬೋರ್ ಅದು. ನಾಲ್ಕರಲ್ಲಿ ಅತಿ ಹೆಚ್ಚು ಸವೆದ ಸಿಲಿಂಡರ್ ಯಾವ ಸೈಜಿನಲ್ಲಿ ಪೂರ್ತಿ ದುಂಡಗಾಗುತ್ತದೆಯೋ ಅದೇ ನಿಮ್ಮ ಸೈಜು. ಟ್ವೆಂಟಿಗೆ ಸಾಕಾದರೆ ಟ್ವೆಂಟಿಯೇ. ‘ಹೇಗೂ ಕೊರೆಯುತ್ತೇವಲ್ಲ, ಥರ್ಟಿ ಮಾಡಿಬಿಡೋಣ’ ಎನ್ನುವ ಮಾತನ್ನು ಒಪ್ಪಬೇಡಿ.

ಬೋರಿಂಗ್ ಮತ್ತು ಹೋನಿಂಗ್

ಪಿಸ್ಟನ್ ಸೆಟ್ ಕೈಗೆ ಬಂದ ಮೇಲೆ ಒಂದೊಂದನ್ನೂ ಮೈಕ್ರೋಮೀಟರ್‌ನಿಂದ ರಿಂಗ್‌ಗಳ ಕೆಳಗಿನ ಸ್ಕರ್ಟ್ ಭಾಗದಲ್ಲಿ, ಪಿನ್‌ಗೆ ಅಡ್ಡಲಾಗಿ ಅಳೆಯಿಸಿ. ಡಬ್ಬದ ಮೇಲೆ ಬರೆದ ಸೈಜು ಸಾಲದು. ಪಿಸ್ಟನ್ನಿನ ನಿಜವಾದ ಅಳತೆಗೆ ಅದರ ತಯಾರಕರು ಹೇಳಿದ ಅಂತರ ಕೂಡಿಸಿದರೆ ಬೋರಿನ ಅಂತಿಮ ಅಳತೆ. ಯಾವ ಪಿಸ್ಟನ್ ಯಾವ ಸಿಲಿಂಡರಿಗೆ ಎಂದು ತಲೆಯ ಮೇಲೆ ಮಾರ್ಕರಿನಲ್ಲಿ ಬರೆದುಬಿಡಿ.

ಬೋರಿಂಗ್ ಯಂತ್ರ ಬ್ಲಾಕಿನ ಮೇಲ್ಮೈಗೆ ಕೂರುವಂಥದ್ದಾದರೆ ಆ ಮೇಲ್ಮೈ ಸಮತಟ್ಟಾಗಿದೆಯೇ ಎಂದು ಮೊದಲೇ ನೋಡಬೇಕು. ಅಲ್ಲಿ ಒಂದು ಚೂರು ಹಳೆಯ ಗ್ಯಾಸ್ಕೆಟ್ ಅಂಟಿಕೊಂಡಿದ್ದರೂ ಯಂತ್ರ ವಾಲುತ್ತದೆ, ಬೋರ್ ಕ್ರ್ಯಾಂಕ್‌ಗೆ (ಪಿಸ್ಟನ್‌ಗಳು ತಿರುಗಿಸುವ ದಂಡಕ್ಕೆ) ಲಂಬವಾಗಿರುವುದಿಲ್ಲ. ಬೋರಿಂಗ್ ಮುಗಿಸುವಾಗ ಎರಡು ಮೂರು ಥೌ ಉಳಿಸಿ, ಉಳಿದದ್ದನ್ನು ಹೋನಿಂಗ್ ಕಲ್ಲಿನಿಂದ ಉಜ್ಜಿ ತೆಗೆಯಬೇಕು. ಹೋನಿಂಗ್ ಆದ ಗೋಡೆ ಕನ್ನಡಿಯಂತೆ ಹೊಳೆಯುವುದು ಬೇಡ. ಸುಮಾರು 45 ಡಿಗ್ರಿಯಲ್ಲಿ ಗೀರುಗಳು ಚಾಪೆಯ ಹೆಣಿಗೆಯಂತೆ ಒಂದನ್ನೊಂದು ದಾಟಿರಬೇಕು. ಆಯಿಲ್ ನಿಲ್ಲುವುದು ಆ ಗೀರುಗಳಲ್ಲಿ, ರಿಂಗ್ ಹದಕ್ಕೆ ಬರುವುದೂ ಅವುಗಳ ಮೇಲೆ.

ಫಾರ್ಟಿಯನ್ನೂ ದಾಟಿದ ಬ್ಲಾಕಾದರೆ ಬೋರಿನೊಳಗೆ ಕೂರುವ ಕೊಳವೆ, ಅಂದರೆ ಲೈನರ್ ಹೊಡೆಸಿ ಮತ್ತೆ ಸ್ಟ್ಯಾಂಡರ್ಡ್ (ಮೂಲ) ಸೈಜಿಗೆ ತರಬಹುದು. ನಮ್ಮ ಬ್ಲಾಕಿಗೆ ಮುಂದಿನ ಸಲ ಅದೇ ಗತಿ.

ಇನ್ನು ಯಾರೂ ಹೇಳಿಕೊಡದ ಕೆಲಸ, ತೊಳೆಯುವುದು. ಹೋನಿಂಗ್ ಕಲ್ಲಿನ ಪುಡಿ ಆ ಗೀರುಗಳೊಳಗೆ ಕೂತಿರುತ್ತದೆ. ಪೆಟ್ರೋಲ್, ಸೀಮೆಎಣ್ಣೆ ಅದನ್ನು ಎಬ್ಬಿಸುವುದಿಲ್ಲ; ಜಿಡ್ಡು ಹೋಗುತ್ತದೆ, ಪುಡಿ ಉಳಿಯುತ್ತದೆ, ಹೊಸ ರಿಂಗನ್ನು ಅದೇ ತಿನ್ನುತ್ತದೆ. ಬೇಕಾಗಿರುವುದು ಬಿಸಿನೀರು, ಸೋಪಿನ ಪುಡಿ, ಗಟ್ಟಿ ಬ್ರಷ್. ನಾನು ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಬ್ಲಾಕ್ ಇಟ್ಟುಕೊಂಡು ಉಜ್ಜಿದೆ. ತಂದೆಯವರ ಹಳೆಯ ಬಿಳಿ ಪಂಚೆಯ ತುಂಡನ್ನು ಬೋರಿನೊಳಗೆ ಒತ್ತಿ ತಿರುಗಿಸಿ ತೆಗೆದರೆ ಮೊದಲ ಸಲ ಮಸಿಯಂಥ ಬೂದು. ಮತ್ತೆ ತೊಳೆದೆ, ತಿಳಿಬೂದು. ಆರನೆಯ ಸಲ ಪಂಚೆ ಬಿಳಿಯಾಗಿಯೇ ಹೊರಬಂತು. ಅಲ್ಲಿಯವರೆಗೆ ಬಿಡಬಾರದು. ಒಣಗಿಸಿದ ಕ್ಷಣವೇ ಎಂಜಿನ್ ಆಯಿಲ್ ಸವರಿ. ಒದ್ದೆ ಬೀಡಿಗೆ ನೋಡುನೋಡುತ್ತಿದ್ದಂತೆ ತುಕ್ಕು ಬಣ್ಣ ಏರುತ್ತದೆ.

ಕ್ರ್ಯಾಂಕ್

ಬೇರಿಂಗ್ ಕೂರುವ ಜರ್ನಲ್‌ಗಳ ಮೇಲೆ ಉಗುರು ಎಳೆಯಿರಿ. ಗೀರಿಗೆ ಉಗುರು ಸಿಕ್ಕಿಕೊಂಡರೆ ಗ್ರೈಂಡಿಂಗ್ ಬೇಕು. ಸಿಕ್ಕಿಕೊಳ್ಳದಿದ್ದರೂ ಮೈಕ್ರೋಮೀಟರ್‌ನಿಂದ ದುಂಡುತನ ನೋಡಿಸಿ. ಇಲ್ಲಿ ಸೈಜು ಕೆಳಮುಖ: ಟೆನ್ ಎಂದರೆ ಜರ್ನಲ್ ಹತ್ತು ಥೌ ಸಣ್ಣದು, ಬೇರಿಂಗ್ ಅದಕ್ಕೆ ತಕ್ಕಷ್ಟು ದಪ್ಪ. ಇಲ್ಲಿಯೂ ಬೇರಿಂಗ್ ಸೆಟ್ ತಂದುಕೊಟ್ಟ ಮೇಲೆಯೇ ಗ್ರೈಂಡಿಂಗ್. ಎರಡು ಇಂಚಿನ ಜರ್ನಲ್‌ಗೆ ಸುಮಾರು ಎರಡು ಥೌ ಆಯಿಲ್ ಅಂತರ ಎಂಬುದು ಹಳೆಯ ಲೆಕ್ಕ. ಅಂತಿಮ ಮಾತು ಮಾತ್ರ ಕೈಪಿಡಿಯದು.

ಗ್ರೈಂಡರ್ ಮೇಸ್ತ್ರಿಗೆ ಎರಡು ವಿಷಯ ನೆನಪಿಸಿ. ಜರ್ನಲ್ ಮತ್ತು ಅದರ ಪಕ್ಕದ ಗೋಡೆ ಸೇರುವ ಮೂಲೆಯಲ್ಲಿ ಮೂಲದಲ್ಲಿದ್ದ ದುಂಡು ಬಾಗು ಉಳಿಯಬೇಕು. ಚೂಪು ಮೂಲೆ ಮಾಡಿದರೆ ಕ್ರ್ಯಾಂಕ್ ಮುರಿಯುವುದು ಅಲ್ಲಿಯೇ. ಆಯಿಲ್ ರಂಧ್ರದ ಅಂಚನ್ನು ಸವರಿ ನಯ ಮಾಡಬೇಕು, ಇಲ್ಲದಿದ್ದರೆ ಅದು ಹೊಸ ಬೇರಿಂಗನ್ನು ಕೆರೆಯುತ್ತದೆ. ಕ್ರ್ಯಾಂಕ್ ಮನೆಗೆ ಬಂದ ಮೇಲೆ ಒಳಗಿನ ಆಯಿಲ್ ದಾರಿಗಳನ್ನು ಸಣ್ಣ ಬ್ರಷ್ ತೂರಿಸಿ ತೊಳೆದು ಗಾಳಿ ಹೊಡೆಯಿಸಿ. ಗ್ರೈಂಡಿಂಗ್ ಪುಡಿ ಉಳಿದಿದ್ದರೆ ಮೊದಲ ಸ್ಟಾರ್ಟ್‌ನಲ್ಲೇ ಅದು ಬೇರಿಂಗ್ ಸೇರುತ್ತದೆ.

ಪಿಸ್ಟನ್ ಮತ್ತು ರಾಡ್‌ಗಳ ತೂಕವನ್ನೂ ನೋಡಿಸಿ. ನಮ್ಮ ನಾಲ್ಕು ಪಿಸ್ಟನ್‌ಗಳನ್ನು ಪರಿಚಯದ ಚಿನ್ನದ ಅಂಗಡಿಯ ತಕ್ಕಡಿಯಲ್ಲಿ ತೂಗಿದೆ. ಒಂದು ಮಾತ್ರ ಐದು ಗ್ರಾಂ ಭಾರವಿತ್ತು. ಮೇಸ್ತ್ರಿ ಒಳಭಾಗದ ದಪ್ಪ ಜಾಗದಲ್ಲಿ ಸ್ವಲ್ಪ ಕೆತ್ತಿ ಸರಿಮಾಡಿದರು.

ಹೆಡ್

ಹೆಡ್ ಕೆಲಸಕ್ಕೆ ಕ್ರಮ ಮುಖ್ಯ. ಮೊದಲು ವಾಲ್ವ್ ಗೈಡ್, ಆಮೇಲೆ ಸೀಟ್. ಸೀಟ್ ಕಟರ್ ಗೈಡ್‌ನ ರಂಧ್ರವನ್ನೇ ಹಿಡಿದು ತಿರುಗುತ್ತದೆ, ಗೈಡ್ ಸಡಿಲವಿದ್ದರೆ ಸೀಟ್ ಓರೆಯಾಗುತ್ತದೆ. ಇನ್ನೊಂದು ವಿಷಯ: ಹಳೆಯ ಪೆಟ್ರೋಲಿನಲ್ಲಿದ್ದ ಸೀಸ ವಾಲ್ವ್ ಸೀಟನ್ನು ಸವೆಯದಂತೆ ಕಾಯುತ್ತಿತ್ತು. 2000ದ ಫೆಬ್ರುವರಿಯಿಂದ ದೇಶದಲ್ಲಿ ಸೀಸವಿಲ್ಲದ ಪೆಟ್ರೋಲ್ ಮಾತ್ರ ಸಿಗುತ್ತಿದೆ. ಎಂಜಿನ್ ಬಿಚ್ಚಿದ್ದಾಗಲೇ ಎಕ್ಸಾಸ್ಟ್ ಕಡೆಗೆ ಗಡಸು ಸೀಟ್ ಕೂರಿಸಿಬಿಡುವುದು ಒಳ್ಳೆಯದು. ಹೆಡ್ ಫೇಸಿಂಗ್ (ಮೇಲ್ಮೈ ತುರಿದು ಸಮತಟ್ಟು ಮಾಡುವುದು) ಅಗತ್ಯವಿದ್ದರೆ ಮಾತ್ರ, ನೇರ ಪಟ್ಟಿ ಮತ್ತು ಫೀಲರ್ ಗೇಜ್ ಸೊಟ್ಟ ತೋರಿಸಿದಷ್ಟು ಮಾತ್ರ. ವಾಲ್ವ್ ಜೋಡಿಸಿದ ಮೇಲೆ ಹೆಡ್ ಮಗುಚಿ ಕಂಬಶ್ಚನ್ ಚೇಂಬರಿಗೆ ಸೀಮೆಎಣ್ಣೆ ತುಂಬಿ ಬಿಡಿ. ಪೋರ್ಟ್‌ನಲ್ಲಿ ಒಸರಿದರೆ ಲ್ಯಾಪಿಂಗ್, ಅಂದರೆ ವಾಲ್ವನ್ನು ಸೀಟಿಗೆ ಉಜ್ಜಿ ಕೂರಿಸುವ ಕೆಲಸ, ಇನ್ನೂ ಮುಗಿದಿಲ್ಲ.

ಜೋಡಿಸಿದ ಮೇಲೆ

ರಿಂಗ್‌ಗಳನ್ನು ಪಿಸ್ಟನ್ನಿಗೆ ಹಾಕುವ ಮುನ್ನ ಒಂದೊಂದನ್ನೇ ಬೋರಿನಲ್ಲಿಟ್ಟು, ಪಿಸ್ಟನ್ ತಲೆಯಿಂದ ನೆಟ್ಟಗೆ ಕೆಳಗೆ ತಳ್ಳಿ ತುದಿಗಳ ನಡುವಿನ ಅಂತರ ನೋಡಿ. ಬೋರಿನ ಒಂದು ಇಂಚಿಗೆ ನಾಲ್ಕು ಥೌ ಲೆಕ್ಕದಲ್ಲಿ ಅಂಬಾಸಡರ್‌ಗೆ ಹನ್ನೊಂದು ಹನ್ನೆರಡು ಥೌ ಬರುತ್ತದೆ. ಮೊದಲ ಸ್ಟಾರ್ಟ್‌ಗೆ ಮುನ್ನ ಪ್ಲಗ್ ಬಿಚ್ಚಿಟ್ಟು ಆಯಿಲ್ ಒತ್ತಡ ಬರುವವರೆಗೂ ಸೆಲ್ಫ್ ಹೊಡೆಯಿರಿ. ರೇಡಿಯೇಟರಿಗೆ ಇನ್ನು ಬೋರ್‌ವೆಲ್ ನೀರು ಬೇಡ, ಕೂಲೆಂಟ್ ಹಾಕಿ.

ಮೊದಲ 500 ಕಿ.ಮೀ. ದೇವರಾಯನದುರ್ಗದ ಏರು ಹತ್ತಿಸಬೇಡಿ. ಶಿರಾ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸುವುದೂ ಬೇಡ. ಗುಬ್ಬಿ ರಸ್ತೆಯಲ್ಲಿ ವೇಗ ಏರಿಸುತ್ತ, ಇಳಿಸುತ್ತ ಹೋಗಿಬನ್ನಿ. ಆಮೇಲೆ ಆಯಿಲನ್ನು ಬಿಳಿ ಪ್ಲಾಸ್ಟಿಕ್ ಟಬ್ಬಿಗೆ ಇಳಿಸಿ, ಅಯಸ್ಕಾಂತ ಆಡಿಸಿ ನೋಡಿ. ಸಣ್ಣ ಬೂದು ಪುಡಿ ಸಹಜ. ಉಗುರಿಗೆ ಸಿಗುವಂಥ ಚೂರು ಕಂಡರೆ ಕಾರು ಓಡಿಸಬೇಡಿ, ಎಂಜಿನ್ ಅಡಿಯ ಆಯಿಲ್ ಸಂಪ್ ಬಿಚ್ಚಿಸಿ ಬೇರಿಂಗ್ ನೋಡಿಸಿ. ಚೂರು ಕಾಣದಿದ್ದರೆ ಹೆಡ್ ನಟ್‌ಗಳನ್ನು ಕೈಪಿಡಿಯ ಟಾರ್ಕ್‌ಗೆ ಇನ್ನೊಮ್ಮೆ ಬಿಗಿದು, ಟ್ಯಾಪೆಟ್ (ವಾಲ್ವ್ ಅಂತರ) ಹೊಂದಿಸಿ, ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ.